ಹಿತ್ತಲ ಬಾಗಿಲಿಗೆ ಬಂದ ಎರಡು ತತ್ತಿ

ಸೂರ್ಯಕಾಂತ ತೀರಿಕೊಂಡ ಹನ್ನೊಂದನೆಯ ದಿನ ನಮ್ಮ ಮನೆಗೆ ನಾಯಿಯ ಊಟದ ಪೊಟ್ಟಣವೊಂದು ಬಂತು. ತಂದವನು ನನ್ನ ಅಣ್ಣನ ಮಗ ಅತುಲ. ಹಸಿರು ಬಣ್ಣದ, ಹೊಳೆಯುವ ಪೊಟ್ಟಣ. ಮೇಲೆ ನನ್ನ ತಾಯಿ ಸರಸ್ವತೀಬಾಯಿಯ ಫೋಟೋ. ಕಚ್ಚೆ ಸೀರೆ ಉಟ್ಟು, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ನಾಲಿಗೆ ಚಾಚಿ ಕೂತಿರುವುದು ನಮ್ಮ ಮನೆಯ ಲ್ಯಾಬ್ರಡಾರ್, ಪೇಢಾ. ಕೆಳಗೆ ದಪ್ಪಕ್ಷರದಲ್ಲಿ ‘ಅಜ್ಜಿಯ ಪಾಕ: ನಾಯಿಗಳಿಗಾಗಿ ಶುದ್ಧ ಸಾತ್ವಿಕ ಮನೆಯೂಟ’ ಎಂದಿತ್ತು.

ಹಿಂದೆ ತಿರುಗಿಸಿ ಓದಿದೆ. ಜೋಳದ ನುಚ್ಚು, ತೊಗರಿ ಬೇಳೆ, ಒಣಗಿಸಿದ ಕುಂಬಳಕಾಯಿ, ಅರಿಸಿನ. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಉಪ್ಪಿಲ್ಲ. ಇನ್ನೊಮ್ಮೆ ಓದಿದೆ. ತತ್ತಿ ಇರಲಿಲ್ಲ. ಸೂರ್ಯಕಾಂತನೂ ಇರಲಿಲ್ಲ.

“ಹ್ಯಾಂಗದ ಕಾಕಾ?” ಅಂದ ಅತುಲ.

ಪೊಟ್ಟಣವನ್ನು ಅವನ ಕೈಗೇ ವಾಪಸು ಕೊಟ್ಟೆ. ಐದು ವರ್ಷದಿಂದ ಈ ವಿಷಯದಲ್ಲಿ ಮಾತಾಡದೆ ಇದ್ದು ನನಗೆ ಅಭ್ಯಾಸವಾಗಿತ್ತು.

ಸೂರ್ಯಕಾಂತ ಕಮಲಾಪುರದವನು. ನನ್ನ ತಂದೆ ಅಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದಾಗ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಏಳನೆಯ ಈಯತ್ತೆ ಮುಗಿಸಿದೆವು. ನಾನು ಮುಂದೆ ಕನ್ನಡ ಮಾಸ್ತರನಾದೆ. ಅವನು ದನದ ದವಾಖಾನೆಯಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿ, ಔಷಧದ ಹೆಸರುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಕಟ್ಟಿ ಕಂಪೌಂಡರ್ ಆದ. ಡಾಕ್ಟರು ರಜೆ ಮೇಲಿದ್ದ ದಿನವೂ ಜನ ಎತ್ತು ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು, ಏಕೆಂದರೆ ಸೂರ್ಯಕಾಂತ ಇರುತ್ತಿದ್ದ. ನಿವೃತ್ತನಾದ ಮೇಲೆ ಕಲಬುರಗಿಯಲ್ಲಿ ಜಗತ್ ಸರ್ಕಲ್ ಹತ್ತಿರದ ಒಂದು ಖಾಸಗಿ ನಾಯಿ ದವಾಖಾನೆಗೆ ಸೇರಿಕೊಂಡ. ದಿನಾ ಮುಂಜಾನೆ ಕಮಲಾಪುರದಿಂದ ಬಸ್ಸು ಹತ್ತಿ ಬರುವುದು, ಸಂಜೆ ಹೋಗುವುದು. ಬಸ್ಸಿಳಿದು ಮೊದಲು ಬರುತ್ತಿದ್ದುದು ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಗೆ. ನಮ್ಮ ಮನೆಗೆ ಅಂದೆ. ಸರಿಯಾಗಿ ಹೇಳಬೇಕೆಂದರೆ ನಮ್ಮ ಹಿತ್ತಲಿಗೆ.

ನಾಯಿಗೆ ಅಂಗಡಿಯ ಊಟ ಯಾಕೆ ಅನ್ನುವುದು ಅವನ ಹಳೆಯ ಜಗಳ. ದವಾಖಾನೆಗೆ ಬಂದವರನ್ನು ಮೊದಲು ಕೇಳುತ್ತಿದ್ದುದು ನಾಯಿಯ ಹೆಸರಲ್ಲ, ಅವರ ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು. ಜೋಳ ಅದ? ತೊಗರಿ ಅದ? ಮತ್ತ ಪ್ಯಾಟಿಗೆ ಯಾಕ ಓಡ್ತೀರಿ? ಕೂಲಿಯವನ ಮನೆಯ ನಾಯಿಗೂ ಕಂತ್ರಾಟದಾರನ ಮನೆಯ ನಾಯಿಗೂ ಒಂದೇ ಪಾಕ ಹೇಳುತ್ತಿದ್ದ. ಬಿಸ್ಕೀಟು ಅಂದರೆ ಉರಿದು ಬೀಳುತ್ತಿದ್ದ. “ಬಿಸ್ಕೀಟಿಗೆ ಹುಟ್ಟಿದ ನಾಯಿ ಯಾವುದ್ರಿ? ಚಾದಾಗ ಅದ್ದಿ ಕೊಡ್ತೀರೇನು, ಹಂಗ ಕೊಡ್ತೀರೇನು?” ಎಂದು ಎಲ್ಲರೆದುರು ಕೇಳಿ ಒಬ್ಬ ವಕೀಲರ ಬೆವರಿಳಿಸಿದ್ದ.

ಪೇಢಾಗೆ ಎರಡು ವರ್ಷವಿದ್ದಾಗ ಮೈಯ ಕೂದಲು ಉದುರತೊಡಗಿತು. ಬೆನ್ನ ಮೇಲೆ ಅಂಗೈಯಗಲ ಚರ್ಮ ಕಾಣುತ್ತಿತ್ತು. ಇಂಜೆಕ್ಷನ್ ಆಯಿತು, ಮುಲಾಮು ಆಯಿತು. ಒಂದು ದಿನ ಸೂರ್ಯಕಾಂತನನ್ನೇ ಕರೆದು ತಂದೆ. ಹಿತ್ತಲಲ್ಲಿ ಕರಿಬೇವಿನ ಗಿಡದ ಹತ್ತಿರ ನಿಂತು ಅವನು ಪೇಢಾನ ಒಸಡು ನೋಡಿದ, ಕಿವಿ ಮೂಸಿದ. ತಾಯಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು.

“ಏನ್ ತಿನಿಸ್ತೀರಿ ಬಾಯಿಯವ್ರ ಇದಕ್ಕ?”

“ಹಾಲು ಅನ್ನ. ನಡುವ ಬಿಸ್ಕೀಟು. ಏಕಾದಶಿ ದಿವ್ಸ ಸಾಬೂದಾಣಿ.”

“ಏಕಾದಶಿ ನಾಯಿಗೂ ಅದರೀ?”

“ಮನ್ಯಾಗ ಎಲ್ಲಾರೂ ಉಪಾಸ ಇರೋವಾಗ ಅದೊಂದಕ್ಕ ಬ್ಯಾರೆ ಯಾರು ಮಾಡ್ತಾರಪಾ?”

ಅವನು ಅಲ್ಲಿ ನಗಲಿಲ್ಲ. ಓಣಿಯ ತಿರುವಿಗೆ ಬಂದ ಮೇಲೆ ನಕ್ಕ. “ನಿಮ್ಮ ಪೇಢಾಗ ಮೋಕ್ಷ ಗ್ಯಾರಂಟಿ ಲೇ ಬಂಡ್ಯಾ. ಕೂದಲಷ್ಟ ಇಲ್ಲೇ ಬಿಟ್ಟು ಹೋಗ್ತದ.”

ಪಾಕವನ್ನು ಮಾತ್ರ ತಾಯಿಗೆ ಕಿಟಕಿಯ ಹೊರಗೆ ನಿಂತೇ ಹೇಳಿದ್ದ. ಜೋಳದ ನುಚ್ಚು ಎರಡು ಪಾಲು, ತೊಗರಿ ಬೇಳೆ ಒಂದು ಪಾಲು, ಕುಂಬಳಕಾಯಿ. ಎಲ್ಲ ಮೆತ್ತಗೆ ಬೇಯಬೇಕು. ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಂದೂ ಬೇಡ. ತಾಯಿಗೆ ಇದು ಬಹಳ ಹಿಡಿಸಿತು. “ಇದು ನಮ್ಮ ಮನಿ ಅಡಗೀನೇ ಆತಲ್ಲ” ಅಂದಳು. ಆಮೇಲೆ ಅವನು ಹೇಳಿದ: “ದಿನಾ ಎರಡು ಕುದಿಸಿದ ತತ್ತಿ ಬಾಯಿಯವ್ರ. ಅದರ ಸಿಪ್ಪಿ ಹುರದು ಪುಡಿ ಮಾಡಿ ಅರ್ಧ ಚಮಚ. ಇದಿಲ್ಲಂದ್ರ ಉಳದದ್ದು ಹೊಟ್ಟಿ ತುಂಬ್ತದ, ಮೈಗಿ ಹತ್ತಂಗಿಲ್ಲ.”

ಕಿಟಕಿ ಮುಚ್ಚಿಕೊಂಡಿತು.

ನಮ್ಮದು ಮಾಧ್ವರ ಮನೆ. ತತ್ತಿ ಅನ್ನುವ ಶಬ್ದವನ್ನು ಸಹ ಹೊರಗಡೆಯೇ ಬಿಟ್ಟು ಒಳಗೆ ಬರಬೇಕು. ಆಗ ಉಪಾಯ ಹೇಳಿದವನು ನಾನು. “ಔಷಧದ ಪುಡಿ ಅಂತ ಹೇಳಿಬಿಡೋಣ. ನೀ ನಿಮ್ಮ ಮನ್ಯಾಗ ಕುದಿಸಿ, ಹಿಸುಕಿ ತಂದು ಹಿತ್ತಲದಾಗ ಬೆರಸು. ಆಯಿಗೆ ಯಾಕ ತಿಳೀಬೇಕು?”

“ಸುಳ್ಳು ನಿಂದು, ಹೊರೋದು ನಂದೇನು?” ಅಂದ. ಆದರೂ ಹೊತ್ತ. ನಾಯಿಯ ಬೆನ್ನು ಅವನಿಗೆ ನೋಡಲಾಗುತ್ತಿರಲಿಲ್ಲ.

ಹೀಗೆ ಐದು ವರ್ಷ ನಡೆಯಿತು. ಕಮಲಾಪುರದಲ್ಲಿ ಅವನ ಹೆಂಡತಿ ಪಂಚಶೀಲಾ ಮುಂಜಾನೆ ಎದ್ದು ತತ್ತಿ ಕುದಿಸುತ್ತಿದ್ದಳು, ಸಿಪ್ಪೆ ಪುಡಿ ಮಾಡುತ್ತಿದ್ದಳು, ಅರಿಸಿನ ಹಚ್ಚಿ ಹಳದಿ ಮಾಡಿ ಸಣ್ಣ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು. ಅವನು ರಜೆ ಹಾಕಿದ ದಿನ ಪರಿಚಯದ ಕಂಡಕ್ಟರನ ಕೈಯಲ್ಲಿ ಡಬ್ಬಿ ಬರುತ್ತಿತ್ತು. ನಮ್ಮ ಹಿತ್ತಲಲ್ಲಿ ಅವನು ಬೋಗುಣಿಗೆ ಅದನ್ನು ಸುರಿದು ಕೈಯಿಂದ ಕಲಸುವಾಗ ತಾಯಿ ಕಿಟಕಿಯಿಂದ ಕೇಳುತ್ತಿದ್ದಳು, “ಔಷಧ ಹಾಕಿದ್ಯಾ ಸೂರ್ಯಕಾಂತ?” “ಹಾಕೀನ್ರಿ ಬಾಯಿಯವ್ರ.” ಎರಡು ತಿಂಗಳಲ್ಲಿ ಬೆನ್ನ ಮೇಲೆ ಕೂದಲು ಬಂತು. ಆರು ತಿಂಗಳಲ್ಲಿ ಮೈ ಎಣ್ಣೆ ಹಚ್ಚಿದಂತೆ ಹೊಳೆಯತೊಡಗಿತು.

ಪೇಢಾ ಉಂಡು ಒಳಗೆ ಓಡುತ್ತಿತ್ತು. ನಡುಮನೆ ದಾಟಿ, ದೇವರ ಕೋಣೆಯ ಹೊಸ್ತಿಲಿಗೆ ಮೂತಿ ಇಟ್ಟು ಮಲಗುತ್ತಿತ್ತು. ಸೂರ್ಯಕಾಂತ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನ ಗ್ಲಾಸು ಬೇರೆ ಇತ್ತು, ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿರುತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಆ ಗ್ಲಾಸನ್ನು ತಿರುಗಿಸಿ ನೋಡುತ್ತ ಅಂದ: “ಪೇಢಾ ಉಂಡ ತಾಟು ಒಳಗ ಹೋಗ್ತದ ನೋಡ್ಲೇ. ನನ್ನ ಗ್ಲಾಸಿಗೆ ಇನ್ನ ಹುಕುಂ ಬಂದಿಲ್ಲ.”

ನಾನೇನು ಮಾಡಿದೆ? ನಕ್ಕೆ. ಅವನು ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಳ್ಳುವುದು ಅನುಕೂಲವಾಗಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ವಚನ ಪಾಠ ಮಾಡಿದವನು ನಾನು. ಅದನ್ನು ನೆನೆದರೆ ಈಗ ನನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಪೇಢಾನ ಮೈ ನೋಡಿ ಓಣಿಯವರು ಕೇಳಿದರು, ತಾಯಿ ಹೇಳಿದಳು. ಅವಳು ಹೇಳಿದ್ದು ಅವಳು ಮಾಡಿದ್ದನ್ನು: ನುಚ್ಚು, ಬೇಳೆ, ಕುಂಬಳಕಾಯಿ. ಅತುಲ ಅವಳನ್ನು ಒಲೆಯ ಮುಂದೆ ನಿಲ್ಲಿಸಿ ಫೋನಿನಲ್ಲಿ ಚಿತ್ರ ತೆಗೆದ. ಎಂಬತ್ತನಾಲ್ಕು ವರ್ಷದ ಅಜ್ಜಿ ನಾಯಿಗೆ ಅಡುಗೆ ಮಾಡುವುದನ್ನು ಎಲ್ಲೆಲ್ಲಿಯವರೋ ನೋಡಿದರು. ಸೊಲ್ಲಾಪುರದಿಂದ, ಬೀದರಿನಿಂದ ಫೋನು ಬರತೊಡಗಿದವು. ನೀವೇ ಮಾಡಿ ಕಳಿಸಿ ಎಂದರು ಕೆಲವರು. ಕಳೆದ ಶ್ರಾವಣದಲ್ಲಿ ಅತುಲ ಅದನ್ನು ಪೊಟ್ಟಣ ಮಾಡಿ ಮಾರುವ ಮಾತು ತೆಗೆದ.

ಅದೇ ಹೊತ್ತಿಗೆ ದವಾಖಾನೆಗೆ ಒಂದು ಬಿಳಿ ಪೊಮೆರೇನಿಯನ್ ಬಂತು. ಬಾಲದ ಕೂದಲು ಪೂರಾ ಹೋಗಿತ್ತು. ಮನೆಯವರು ನಾಲ್ಕು ತಿಂಗಳಿಂದ ಫೋನಿನಲ್ಲಿ ನೋಡಿ ಕಲಿತ ‘ಅಜ್ಜಿಯ ಅಡುಗೆ’ಯನ್ನೇ, ಬರೀ ಅದನ್ನೇ, ಭಕ್ತಿಯಿಂದ ತಿನಿಸಿದ್ದರು. ಮರುವಾರ ಇನ್ನೊಂದು ಬಂತು. ಸೂರ್ಯಕಾಂತ ಮಧ್ಯಾಹ್ನವೇ ನನ್ನನ್ನು ಹುಡುಕಿಕೊಂಡು ಬಂದ. ಗುಡಿಯ ಹತ್ತಿರದ ಚಹಾದಂಗಡಿಯಲ್ಲಿ ಕೂತೆವು. ಅವನು ಚಹಾ ಮುಟ್ಟಲಿಲ್ಲ.

“ಬಂಡ್ಯಾ, ಇವತ್ತ ಮನ್ಯಾಗ ಹೇಳು. ಅದರಾಗ ತತ್ತಿ ಇತ್ತು ಅಂತ ಹೇಳು. ಆ ಹುಡುಗ ಪಾಕೀಟು ಮಾಡಿ ಊರೂರಿಗೆ ಕಳಸಿದ್ರ ಎಷ್ಟ ನಾಯಿ ಸೊರಗ್ತಾವ ಗೊತ್ತದೇನು?”

“ನೀನೇ ಹೇಳು, ನೀ ತಿಳದವ” ಅಂದೆ.

ಅವನು ನನ್ನನ್ನೇ ನೋಡಿದ. “ನಾ ಹೇಳಿದ್ರ ಏನಾಗ್ತದ? ಐದ ವರ್ಷ ಬ್ರಾಹ್ಮಣರ ಮನ್ಯಾಗ ಕದ್ದು ತತ್ತಿ ಹೊಗಿಸಿದ ಅಂತಾಗ್ತದ. ನಮ್ಮ ಮಂದಿ ಹೆಸರು ಹಿಡದು ಮಾತಾಡ್ತಾರ. ಔಷಧ ಅಂದಾಂವ ನೀನು. ನೀ ಹೇಳಿದ್ರ ಮನಿ ಮಗ ಹೇಳ್ದ ಅಂತ ಎರಡ ದಿನ ಸಿಟ್ಟು ಮಾಡಿ ಬಿಡ್ತಾರ. ಇಷ್ಟು ತಿಳೀವಲ್ದೇನು ಮಾಸ್ತರಗ?”

ತಿಳಿದಿತ್ತು. ಹೇಳುತ್ತೇನೆ ಅಂದೆ. ದಸರಾ ಆಗಲಿ ಅಂದುಕೊಂಡೆ. ಆಮೇಲೆ ತಾಯಿಯ ಕಣ್ಣಿನ ಆಪರೇಷನ್ ಇತ್ತು, ಅವಳಿಗೆ ಸಿಟ್ಟು ಬರಬಾರದಿತ್ತು. ಆಮೇಲೆ ದೀಪಾವಳಿ ಬಂತು, ಕಾರ್ತಿಕ ಬಂತು. ಸೂರ್ಯಕಾಂತ ದಿನಾ ಬರುತ್ತಿದ್ದ, ದಿನಾ ಡಬ್ಬಿ ತರುತ್ತಿದ್ದ, ಕಲಸುತ್ತ ಕಣ್ಣಲ್ಲೇ ಕೇಳುತ್ತಿದ್ದ. ನಾನು ಕರಿಬೇವಿನ ಗಿಡ ನೋಡುತ್ತಿದ್ದೆ. ಕೊನೆಕೊನೆಗೆ ಅವನು ಕೇಳುವುದನ್ನು ಬಿಟ್ಟ. ದವಾಖಾನೆಗೆ ಬಂದವರಿಗೆ ತಾನೇ ಒಬ್ಬೊಬ್ಬರಿಗೂ ತತ್ತಿ ಹಾಕಿ ಎಂದು ಹೇಳುತ್ತ ಹೋದ. ‘ಆ ಅಜ್ಜಿ ಹಾಕೋದಿಲ್ಲಲ್ರಿ’ ಎಂದು ಅವರು ಅವನಿಗೇ ತಿರುಗಿ ಹೇಳುತ್ತಿದ್ದರಂತೆ.

ಜನವರಿಯ ಒಂದು ಮುಂಜಾನೆ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತವನು ಪಕ್ಕಕ್ಕೆ ವಾಲಿದ. ಬಸ್ಸು ಬಂದಾಗ ಕಂಡಕ್ಟರ್ ಎಬ್ಬಿಸಲು ಹೋಗಿ ನೋಡಿದ. ಎದೆಬಡಿತ ನಿಂತಿತ್ತು. ಅರವತ್ತಾರು ವರ್ಷ.

ಮಣ್ಣಿಗೆ ಹೋಗಿ ಬಂದೆ. ಹನ್ನೊಂದನೆಯ ದಿನ ಆ ಪೊಟ್ಟಣ ಬಂತು. ಮರುದಿನ ನಾನು ಹುಮನಾಬಾದ್ ಬಸ್ಸು ಹತ್ತಿ ಮತ್ತೆ ಕಮಲಾಪುರಕ್ಕೆ ಹೋದೆ. ಯಾಕೆ ಹೋದೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪಂಚಶೀಲಾ ಬುದ್ಧನ ಫೋಟೋದ ಕೆಳಗೆ ಅವನ ಫೋಟೋ ಇಟ್ಟಿದ್ದಳು. ನನಗೆ ಕುರ್ಚಿ ಕೊಟ್ಟು, ತನ್ನ ಮನೆಯವರು ಕುಡಿಯುವ ಅದೇ ಕಪ್ಪಿನಲ್ಲಿ ಚಹಾ ಕೊಟ್ಟಳು. ಎದುರಿಗೆ ಕೂತಳು.

“ನಿಮ್ಮ ತಾಯಿಯವರ ಫೋಟೋ ಪಾಕೀಟಿನ ಮ್ಯಾಲ ಬಂದದಂತಲ್ರಿ ಅಣ್ಣಾವ್ರ.”

“ಹೂಂ.”

“ತತ್ತಿ ಅದಾವೇನ್ರಿ ಅದರಾಗ?”

“ಇಲ್ಲ.”

ಅವಳು ಒಳಗೆ ಹೋಗಿ ಆ ಸ್ಟೀಲ್ ಡಬ್ಬಿ ತಂದು ನನ್ನ ಕಾಲ ಹತ್ತಿರ ಇಟ್ಟಳು. “ಅವತ್ತ ಅವ್ರ ಚೀಲದಾಗ ಇತ್ತು. ಎಲ್ಲಾ ಮುಗಿಸಿ ಮೂರು ದಿವ್ಸಕ್ಕ ತಗದು ನೋಡಿದೆ, ತತ್ತಿ ಕೆಟ್ಟು ನಾರಲಾಕತ್ತಿತ್ತು. ಚೆಲ್ಲಿ ತೊಳದೀನಿ. ನಿಮ್ಮ ನಾಯಿದು, ತಗೊಂಡು ಹೋಗ್ರಿ.”

ನಾನು ಡಬ್ಬಿ ಮುಟ್ಟಲಿಲ್ಲ.

“ಹಿಂದಿನ ದಿನ ರೊಟ್ಟಿ ತಿನ್ನುಮುಂದ ನಾ ಕೇಳ್ದೆ. ಬಂಡೂರಾಯರು ಹೇಳ್ಯಾರೇನ್ರಿ ಅಂತ. ‘ಹೇಳ್ತಾನ ಬಿಡು, ಮನಿ ಹೆದರಕಿ ಅವಂಗ’ ಅಂದ್ರು. ನಿಮ್ಮ ಬಾಜೂನೇ ಮಾತಾಡಿದ್ರು ನೋಡ್ರಿ, ಕಡೀತನಕ. ಐದ ವರ್ಷ ನಾ ಕುದಿಸಿ ಕೊಟ್ಟೀನಿ ಅಣ್ಣಾವ್ರ. ನಮ್ಮ ಮನಿ ಬೆಂಕಿ ಮ್ಯಾಲ ಬೆಂದದ್ದು ನಿಮ್ಮ ನಾಯಿ ಮೈಮ್ಯಾಲ ಹೊಳಿತದ. ಪಾಕೀಟಿನ ಮ್ಯಾಲ ಯಾರು ಹೊಳೀಲಾಕತ್ಯಾರ?”

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ತಪ್ಪಿಸಿಕೊಂಡು ಬರುತ್ತಿದ್ದೆನೇನೋ.

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಬಂದೆ. ಮನೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ನಡುಮನೆಯಲ್ಲಿ ಅತುಲ ಪೊಟ್ಟಣಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದ. ತಾಯಿ ಉಯ್ಯಾಲೆಯ ಮೇಲೆ ಕೂತಿದ್ದಳು. ಪೇಢಾ ಅವಳ ಕಾಲಡಿಗೆ ಮಲಗಿತ್ತು. ನಾನು ಮುಂಬಾಗಿಲಿಂದ ಬಂದು, ಆ ಡಬ್ಬಿಯನ್ನು ಉಯ್ಯಾಲೆಯ ಮೇಲೆ ಅವಳ ಪಕ್ಕದಲ್ಲೇ ಇಟ್ಟೆ.

“ಆಯಿ, ಇದು ಸೂರ್ಯಕಾಂತನ ಡಬ್ಬಿ. ಇದರಾಗ ದಿನಾ ಬರ್ತಿದ್ದದ್ದು ಔಷಧ ಅಲ್ಲ. ತತ್ತಿ. ಔಷಧ ಅಂತ ಸುಳ್ಳು ಹೇಳಿದಾಂವ ನಾನು. ಪೇಢಾ ಬದುಕಿದ್ದು ಅದರಿಂದ.”

ಅತುಲನ ಕೈ ನಿಂತಿತು. ತಾಯಿ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಚೀರುತ್ತಾಳೆ, ಸ್ನಾನಕ್ಕೆ ಓಡುತ್ತಾಳೆ ಎಂದುಕೊಂಡಿದ್ದೆ.

“ಗೊತ್ತದ” ಅಂದಳು.

“ಏನು ಗೊತ್ತದ?”

“ಕಣ್ಣು ಮಂಜಾಗಿದ್ವು, ಮೂಗು ಸರಿ ಇತ್ತು ನಂದು. ಐದ ವರ್ಷ ಹಿತ್ತಲದಾಗಿಂದ ತತ್ತಿ ವಾಸನಿ ಬಂದ್ರ ನನಗ ತಿಳೀಲಿಲ್ಲಂತ ಮಾಡೀಯೇನು?”

“ಗೊತ್ತಿದ್ದೂ ಸುಮ್ಮ ಕೂತಿ?”

“ನೀ ಔಷಧ ಅಂದಿ. ನಾ ಔಷಧ ಅಂತ ಇಟ್ಕೊಂಡೆ. ಔಷಧಕ್ಕ ದೋಷ ಇಲ್ಲ.”

“ಮತ್ತ ಈ ಪಾಕೀಟಿನ ಮ್ಯಾಲ ಯಾಕ ಬರಿಸ್ಲಿಲ್ಲ ಅದನ್ನ?”

“ಅಡಗಿ ನಂದು, ಔಷಧ ಅವಂದು. ಅಡಗಿ ಬರಿಯೋವಾಗ ಯಾರರ ಔಷಧ ಬರೀತಾರೇನು?”

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಮಡಿಯ ಬಗ್ಗೆ ಯಾರೋ ಕೇಳಿದ ಸಂಶಯಕ್ಕೆ ಉತ್ತರ ಕೊಡುವಂತೆ, ಶಾಂತವಾಗಿ ಹೇಳಿದಳು. ಯಾವ ಮಾತನ್ನು ಹೇಳಲು ನಾನು ಆರು ತಿಂಗಳು ಹೆದರಿದೆನೋ, ಯಾವ ಮಾತಿಗಾಗಿ ಅವನು ಕಾದು ಕಾದು ಬೆಂಚಿನ ಮೇಲೆ ಸತ್ತನೋ, ಅದು ಈ ಮನೆಯಲ್ಲಿ ಮೊದಲಿನಿಂದ ಗೊತ್ತಿದ್ದ ಮಾತಾಗಿತ್ತು. ಅಂದರೆ ದಿನಾ ಮುಂಜಾನೆ “ಔಷಧ ಹಾಕಿದ್ಯಾ ಸೂರ್ಯಕಾಂತ” ಎಂದು ಕಿಟಕಿಯಿಂದ ಕೇಳಿದ್ದು ತಿಳಿದೇ ಕೇಳಿದ್ದು. ಆ ಸುಳ್ಳನ್ನು ಅವನ ಬಾಯಿಂದಲೇ ದಿನಾ ಹೇಳಿಸಿದ್ದು.

“ಅವನ ತತ್ತಿ ನಡೀತಿತ್ತು” ಅಂದೆ. “ನಾಯಿ ನಡಮನಿತನಕ ನಡೀತಿತ್ತು. ಅವನ ಗ್ಲಾಸು ಯಾಕ ನಡೀಲಿಲ್ಲ ಆಯಿ?”

“ಅದು ಬ್ಯಾರೆ, ಇದು ಬ್ಯಾರೆ” ಅಂದಳು. ಅಷ್ಟೇ. ಅದಕ್ಕಿಂತ ಹೆಚ್ಚಿನ ವಿವರಣೆ ಅವಳ ಹತ್ತಿರ ಇರಲಿಲ್ಲ. ನಾನು ಆ ವಿವರಣೆಯ ಕೆಳಗೆ ಅರವತ್ತಾರು ವರ್ಷ ಉಂಡು ಮಲಗಿದವನು. ಅವಳನ್ನೊಬ್ಬಳನ್ನೇ ಬೈಯುವ ಯೋಗ್ಯತೆ ನನಗಿಲ್ಲ. ಆದರೂ ಬೈದೆ. ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ.

ಅತುಲ ಒಂದು ಪೊಟ್ಟಣ ಕೈಯಲ್ಲಿ ಹಿಡಿದೇ ನಿಂತಿದ್ದ. “ಕಾಕಾ, ಐದ ವರ್ಷದಾಗ ಒಂದಿನಾರ ನನಗ ಹೇಳಬೋದಿತ್ತು ನೀ. ತತ್ತಿ ಹಾಕಿದ್ರ ಸಾತ್ವಿಕ ಅಂತ ಬರೀಲಾಕ ಬರೋದಿಲ್ಲ. ಸಾತ್ವಿಕ ತಗದ್ರ ಇದನ್ನ ಯಾರು ತಗೋತಾರ?”

“ಯಾರೂ ತಗೊಳ್ಳೋದು ಬ್ಯಾಡ. ಮನಿ ಡಬ್ಬ್ಯಾಗಿಂದು ತಗದು ತಾವೇ ಮಾಡ್ಲಿ ಅಂತಿದ್ದ ಅವ.”

“ಅವರ ಹೆಸರು ಸಣ್ಣದಾಗಿ ಹಿಂದ ಹಾಕಿಸ್ಲೇನು? ಸಲಹೆ ಅಂತ?”

ಹುಡುಗ ಕೆಟ್ಟವನಲ್ಲ. ಅವನು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಸಣ್ಣದಾಗಿ, ಹಿಂದೆ. ಅಲ್ಲಿಯೂ ಹಿತ್ತಲೇ.

ಮರುದಿನ ಮುಂಜಾನೆ ನಾನು ಸೂಪರ್ ಮಾರ್ಕೆಟಿಗೆ ಹೋಗಿ ಒಂದು ಡಜನ್ ತತ್ತಿ ತಂದೆ. ಅಡುಗೆಮನೆಯ ಗ್ಯಾಸಿನ ಮೇಲೆ, ಅಡುಗೆಮನೆಯ ಬೋಗುಣಿಯಲ್ಲಿ ಕುದಿಸಿದೆ. ಪೇಢಾಗೆ ನನ್ನ ಕೈಯಿಂದ ಕಲಸಿ ಹಾಕಿದೆ. ಹನ್ನೆರಡು ದಿನದಿಂದ ತತ್ತಿ ಇಲ್ಲದ ನುಚ್ಚನ್ನು ಮೂಸಿ ಬಿಡುತ್ತಿದ್ದ ನಾಯಿ ತಾಟು ನೆಕ್ಕಿ ತೊಳೆಯಿತು. ತಾಯಿ ಪಡಸಾಲೆಯಲ್ಲಿ ಕರೆಂಟಿನ ಒಲೆ ಇಟ್ಟುಕೊಂಡು ತನ್ನ ಅಡುಗೆ ಬೇರೆ ಮಾಡಿಕೊಳ್ಳುತ್ತಿದ್ದಾಳೆ. ನನ್ನ ಹತ್ತಿರ ಮಾತಿಲ್ಲ. ಪೊಟ್ಟಣಗಳ ಪೆಟ್ಟಿಗೆಗಳು ನಡುಮನೆಯಲ್ಲೇ ಇವೆ. ಅತುಲ ಅವನ್ನು ಮಾರಿಯೂ ಇಲ್ಲ, ಬಿಸಾಡಿಯೂ ಇಲ್ಲ. ಹಿತ್ತಲ ಕಟ್ಟೆಯ ಮೇಲಿದ್ದ ಆ ಗ್ಲಾಸನ್ನು ನಾನು ಒಳಗೆ ತಂದು ಅದರಲ್ಲೇ ಚಹಾ ಕುಡಿಯುತ್ತಿದ್ದೇನೆ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ. ಕುಡಿಯಬೇಕಾದವನು ಹೋಗಿದ್ದಾನೆ.

ಪಂಚಶೀಲಾಗೆ ಫೋನು ಮಾಡಿ ಹೇಳಿದೆ, ಮನೆಯಲ್ಲಿ ಹೇಳಿದೆನೆಂದು.

ಅವಳು ಹೇಳಿದಳು: “ಬಾಯಿಲೆ ಹೇಳಿದ್ದು ನಿಮ್ಮ ಮನ್ಯಾಗೇ ಉಳಿತದ್ರಿ ಅಣ್ಣಾವ್ರ. ಬರದು ಹಾಕ್ರಿ. ಅವ್ರ ಹೆಸರು ಮುಂದ ಬರೀರಿ.”

ಅದಕ್ಕೇ ಬರೆಯುತ್ತಿದ್ದೇನೆ. ಇದು ಕಮಲಾಪುರದ ಕಂಪೌಂಡರ್ ಸೂರ್ಯಕಾಂತ ಹೇಳಿದ ನಾಯಿಯ ಊಟ. ಸಾಧಾರಣ ದೊಡ್ಡ ನಾಯಿಯ ಒಂದು ದಿನಕ್ಕೆ. ಮುದಿ ನಾಯಿ, ರೋಗದ ನಾಯಿ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಅನ್ನುತ್ತಿದ್ದ.

ಜೋಳದ ನುಚ್ಚು ಎರಡು ವಾಟಗ, ಅಂದರೆ ಎರಡು ಸಣ್ಣ ಬಟ್ಟಲು, ತೊಗರಿ ಬೇಳೆ ಒಂದು ವಾಟಗ. ಎರಡನ್ನೂ ಹುಳ ನೋಡಿ, ತೊಳೆದು, ಒಂದು ತಾಸು ನೆನೆಸಬೇಕು. ಒಂದು ಹೋಳು ಕುಂಬಳಕಾಯಿ, ಚಿಟಿಕೆ ಅರಿಸಿನ ಹಾಕಿ, ಬೆರಳಲ್ಲಿ ಹಿಸುಕಿದರೆ ಕಾಳು ಉಳಿಯದಷ್ಟು ಮೆತ್ತಗೆ ಬೇಯಿಸಬೇಕು. ಇಳಿಸಿದ ಮೇಲೆ ಒಂದು ಚಮಚ ಶೇಂಗಾ ಎಣ್ಣೆ. ಉಪ್ಪು, ಖಾರ, ಬೆಲ್ಲ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ವಾರಕ್ಕೆ ಎರಡು ಸಲ ಕೋಳಿಯ ಕಾರಿಜ, ಅಂದರೆ ಲಿವರ್, ಸಣ್ಣದೊಂದು ತುಂಡು, ಬೇಯಿಸಿ. ದಿನಾ ಎರಡು ಕುದಿಸಿದ ತತ್ತಿ, ಹಿಸುಕಿ. ಸಿಪ್ಪೆಯನ್ನು ತೊಳೆದು, ಹುರಿದು, ನುಣ್ಣಗೆ ಪುಡಿ ಮಾಡಿ ಅರ್ಧ ಚಮಚ. ಏಕಾದಶಿಯ ದಿನವೂ.